ಟಾಕಿ ತುಂಬುವ ಮೊದಲು: ಗೋವಾದಲ್ಲಿ ಸ್ವಂತ ಮನೆ ಇರುವ ಕನ್ನಡಿಗರಿಗೆ ಒಂದು ಹೋಲಿಕೆ

ನಮ್ಮ ಮನೆ ಫೋಂಡಾ ಹತ್ತಿರ ಒಂದು ಇಳಿಜಾರಿನಲ್ಲಿದೆ. ಮಾವನವರು ಗದಗಿನಿಂದ ಬಂದು, ಮೂವತ್ತು ವರ್ಷ ದುಡಿದು, ಚಿರೆಕಲ್ಲಿನಲ್ಲಿ ಕಟ್ಟಿಸಿದ ಮನೆ. ಮುಂದೆ ಬಾವಿ, ಹಿಂದೆ ಪಾಯಖಾನೆಯ ಟಾಕಿ. ಬಾವಿಯ ಮಾತು ಮನೆಯಲ್ಲಿ ದಿನಾ ಬರುತ್ತಿತ್ತು. ಎಷ್ಟು ನೀರಿದೆ, ಹಗ್ಗ ಸವೆದಿದೆಯಾ, ಮೇ ತಿಂಗಳಿಗೆ ಸಾಲುತ್ತದಾ ಅಂತ. ಟಾಕಿಯ ಸುದ್ದಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

2019ರ ಜುಲೈನಲ್ಲಿ ಎತ್ತಬೇಕಾಯಿತು. ಬಚ್ಚಲಿನ ಜಾಳಿಯಿಂದ ಗುಳುಗುಳು ಸದ್ದು ಶುರುವಾಯಿತು. ಕಮೋಡಿಗೆ ನೀರು ಹಾಕಿದರೆ ಅಂಚಿನವರೆಗೆ ಏರಿ, ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಮೂರನೇ ದಿನ ಟಾಕಿಯ ಮುಚ್ಚಳದ ಸಂದಿಯಿಂದ ಕಪ್ಪು ನೀರು ಉಕ್ಕಿ, ಮಳೆಯ ನೀರಿನ ಜೊತೆ ಕೆಳಗಿನ ಮನೆಯ ಕಡೆ ಹರಿಯತೊಡಗಿತು. ಅಲ್ಲಿ ಒಬ್ಬ ಕೊಂಕಣಿ ಅಜ್ಜಿ ಇದ್ದಾರೆ. ಅವರ ಬಾವಿ ನಮ್ಮ ಟಾಕಿಗಿಂತ ತಗ್ಗಿನಲ್ಲಿದೆ.

ಟಾಕಿ ಖಾಲಿ ಮಾಡುವ ಗಾಡಿಗೆ ಫೋನ್ ಮಾಡಿದೆ. ಮೊದಲು ಸಿಕ್ಕವನು, ಈ ಮಳೆಯಲ್ಲಿ ಗಾಡಿ ಇಳಿಜಾರು ಹತ್ತುವುದಿಲ್ಲ, ಇಬ್ಬರು ಹುಡುಗರನ್ನು ಒಳಗೆ ಇಳಿಸುತ್ತೇನೆ, ಒಂದು ತಾಸಿನ ಕೆಲಸ ಅಂದ. ಬೇಡ ಅಂದೆ. ಎರಡು ದಿನ ಬಿಟ್ಟು ಇನ್ನೊಬ್ಬರ ಗಾಡಿ ಬಂತು. ಖಾಲಿ ಮಾಡಿತು, ದುಡ್ಡು ಕೊಟ್ಟೆವು. ಐದನೇ ದಿನಕ್ಕೆ ಟಾಕಿ ಮತ್ತೆ ತುಂಬಿತ್ತು. ಮತ್ತೆ ಕರೆಸಿದೆವು, ಮತ್ತೆ ಕೊಟ್ಟೆವು.

ಆ ಒಂದು ತಿಂಗಳು ಅಜ್ಜಿಯ ಮನೆಗೆ ಕುಡಿಯುವ ನೀರನ್ನು ನಾವೇ ದಿನಾ ಎರಡು ಕೊಡ ಹೊತ್ತು ಕೊಟ್ಟೆವು. ನೀರು ಪರೀಕ್ಷೆ ಮಾಡುವ ಸಣ್ಣ ಬಾಟಲಿ ಬರುತ್ತದೆ, ನೋಡಿರಬಹುದು. ಗೆರೆಯವರೆಗೆ ನೀರು ತುಂಬಿ ಬೆಚ್ಚಗಿರುವ ಕಡೆ ಇಟ್ಟರೆ, ನೀರು ಕೆಟ್ಟಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಅಜ್ಜಿಯ ಬಾವಿಯ ನೀರಿನ ಬಾಟಲಿ ಮಾರನೇ ದಿನವೇ ಇದ್ದಿಲಿನಂತೆ ಕಪ್ಪಾಗಿತ್ತು. ಅವರು ಒಂದು ಮಾತೂ ಆಡಲಿಲ್ಲ. ಆ ಬಾಟಲಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲಿಂದ ಈ ವಿಷಯವನ್ನು ಕಲಿತೆ. ಇಂಜಿನಿಯರರನ್ನು ಕೇಳಿದೆ, ಗಾಡಿಯವರನ್ನು ಕೇಳಿದೆ, ನಿಯಮ ಓದಿದೆ. ಈಗ ಇಲ್ಲಿಯ ನಮ್ಮ ಕನ್ನಡದ ಮನೆಗಳಿಂದ ಆಗಾಗ ಫೋನ್ ಬರುತ್ತದೆ. ಯಾವಾಗ ಖಾಲಿ ಮಾಡಿಸಬೇಕು, ಯಾರನ್ನು ಕರೆಸಬೇಕು, ಪುಡಿ ಹಾಕಿದರೆ ಸಾಕಾ, ಹೊಸ ಟ್ಯಾಂಕ್ ಕೂರಿಸೋಣವಾ. ಎಲ್ಲರಿಗೂ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಒಳಗೆ ಏನಾಗುತ್ತದೆ

ಇದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಟಾಕಿಗೆ ಬಿದ್ದದ್ದು ಮೂರು ಪದರವಾಗುತ್ತದೆ. ಭಾರದ್ದು ಕೆಳಗೆ ರಾಡಿಯಾಗಿ ಕೂರುತ್ತದೆ. ಎಣ್ಣೆ, ಜಿಡ್ಡು ಮೇಲೆ ಹೆಪ್ಪುಗಟ್ಟುತ್ತದೆ. ನಡುವೆ ನೀರು. ಹೊಸ ನೀರು ಒಳಗೆ ಬಂದಷ್ಟು ನಡುವಿನ ನೀರು ಆಚೆ ಪೈಪಿನಿಂದ ಇಂಗು ಗುಂಡಿಗೆ ಹೋಗುತ್ತದೆ. ರಾಡಿಯಲ್ಲಿ ಒಂದಿಷ್ಟನ್ನು ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಕರಗಿಸುತ್ತವೆ. ಎಲ್ಲವನ್ನೂ ಕರಗಿಸುವುದಿಲ್ಲ. ಉಳಿದದ್ದು ವರ್ಷ ವರ್ಷ ಏರುತ್ತಾ ಹೋಗುತ್ತದೆ.

ಅದು ಏರಿದಂತೆ ನಡುವಿನ ನೀರಿಗೆ ಜಾಗ ಕಡಿಮೆ. ನೀರು ನಿಂತು ತಿಳಿಯಾಗಲು ಹೊತ್ತು ಸಿಗುವುದಿಲ್ಲ. ರಾಡಿ ನೀರಿನ ಜೊತೆಯೇ ಇಂಗು ಗುಂಡಿಗೆ ಹೋಗುತ್ತದೆ, ಅಲ್ಲಿಯ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಟಾಕಿಯನ್ನು ಎಷ್ಟು ಸಲ ಬೇಕಾದರೂ ಖಾಲಿ ಮಾಡಿಸಬಹುದು. ಒಮ್ಮೆ ಕಟ್ಟಿಕೊಂಡ ಇಂಗು ಗುಂಡಿಯನ್ನು ಸರಿ ಮಾಡುವುದು ಬಹಳ ಕಷ್ಟ, ಹೆಚ್ಚಾಗಿ ಹೊಸದೇ ತೋಡಬೇಕಾಗುತ್ತದೆ. ನಿಯಮಿತವಾಗಿ ಖಾಲಿ ಮಾಡಿಸಿ ಅನ್ನುವುದು ಇಂಗು ಗುಂಡಿಯನ್ನು ಉಳಿಸಲು. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಇನ್ನೊಂದು ಮಾತು. ಆಚೆ ಬರುವ ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣುಗಳು ತುಂಬಿರುತ್ತವೆ. ಅದನ್ನು ಸೋಸುವುದು ಮಣ್ಣು. ನಮ್ಮ ಗದಗ, ಧಾರವಾಡದ ಕಪ್ಪು ಮಣ್ಣು ಬೇರೆ, ಇಲ್ಲಿಯ ಚಿರೆಕಲ್ಲಿನ ನೆಲ ಬೇರೆ. ಚಿರೆಕಲ್ಲಿನಲ್ಲಿ ತೂತು, ಬಿರುಕು ಜಾಸ್ತಿ. ನೀರು ಸೋಸಿಕೊಳ್ಳದೆ ದೂರ ಓಡುತ್ತದೆ. ಮೇಲೆ ಸುಮಾರು 3000 ಮಿಲಿಮೀಟರ್ ಮಳೆ. ಗದಗಿನಲ್ಲಿ ಇಡೀ ವರ್ಷ ಬೀಳುವುದಕ್ಕಿಂತ ಜಾಸ್ತಿ ಮಳೆ ಇಲ್ಲಿ ಜುಲೈ ಒಂದರಲ್ಲೇ ಬೀಳುತ್ತದೆ. ಕುಡಿಯುವ ನೀರಿನ ಬಾವಿಗೂ ಇಂಗು ಗುಂಡಿಗೂ ಕನಿಷ್ಠ 18 ಮೀಟರ್ ಅಂತರ ಇರಬೇಕು ಎನ್ನುತ್ತದೆ ಇಂಥ ಟಾಕಿಗಳಿಗೆ, ಅಂದರೆ ಸೆಪ್ಟಿಕ್ ಟ್ಯಾಂಕ್‌ಗಳಿಗೆ, ಇರುವ ಭಾರತೀಯ ಮಾನಕ 2470. ನಮ್ಮ ಸಾಲಿನ ಎಷ್ಟು ಮನೆಗಳಲ್ಲಿ ಅಷ್ಟು ಅಂತರ ಇದೆ? ನನ್ನ ಹೆಜ್ಜೆಯಲ್ಲಿ ಅಳೆದು ನೋಡಿದೆ. ಎರಡರಲ್ಲಿ ಮಾತ್ರ.

ಯಾವಾಗ: ತುಂಬಿದಾಗ, ವರ್ಷ ಎಣಿಸಿ, ಇಲ್ಲವೇ ಅಳತೆ ನೋಡಿ

ಮೂರು ದಾರಿಗಳಿವೆ. ಹೆಚ್ಚಿನವರು ಹಿಡಿಯುವುದು ಮೊದಲನೆಯದು, ಉಕ್ಕಿದಾಗ ನೋಡೋಣ ಅನ್ನುವುದು. ಅದರಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಉಕ್ಕುವುದು ಯಾವಾಗಲೂ ಮಳೆಗಾಲದಲ್ಲಿ. ಆಗ ಎಲ್ಲರ ಟಾಕಿಯೂ ಉಕ್ಕಿರುತ್ತದೆ. ಗಾಡಿ ಸಿಗುವುದಿಲ್ಲ, ಸಿಕ್ಕರೆ ಅವರು ಹೇಳಿದ ದರ. ಗಾಡಿಯ ಚಕ್ರ ಅಂಗಳದ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಖಾಲಿ ಮಾಡಿದರೂ ನೆಲದೊಳಗಿನ ನೀರು ಇಂಗು ಗುಂಡಿಯಿಂದ ಹಿಂದಕ್ಕೆ ಬಂದು, ಗೋಡೆಯ ಬಿರುಕಿನಿಂದ ಒಸರಿ, ಮತ್ತೆ ತುಂಬುತ್ತದೆ. ನಮಗೆ ಐದು ದಿನಕ್ಕೆ ಆದದ್ದು ಅದೇ. ಅಷ್ಟು ಹೊತ್ತಿಗೆ ಇಂಗು ಗುಂಡಿಗೆ ರಾಡಿ ಹೋಗಿ ಎಷ್ಟೋ ತಿಂಗಳಾಗಿರುತ್ತದೆ.

ಎರಡನೆಯದು ವರ್ಷ ಎಣಿಸುವುದು. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ ಎನ್ನುವುದು ನಮ್ಮ ದೇಶದಲ್ಲಿ ಎಲ್ಲ ಕಡೆ ಹೇಳುವ ಲೆಕ್ಕ. ಆ ಲೆಕ್ಕ ಟಾಕಿಯ ಗಾತ್ರದ ಮೇಲೆ ನಿಂತಿದೆ. 5 ಜನರ ಮನೆಗೆ 1.5 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, 1 ಮೀಟರ್ ನೀರಿನ ಆಳ ಇದ್ದರೆ ಎರಡು ವರ್ಷ ಎನ್ನುತ್ತದೆ ಮಾನಕ. 10 ಜನರಿಗೆ 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, 1 ಮೀಟರ್ ಆಳ. ಟಾಕಿ ಚಿಕ್ಕದಿದ್ದು ಊರಿನಿಂದ ಬಂದ ತಮ್ಮಂದಿರು, ಬಾಡಿಗೆಯವರು ಎಲ್ಲ ಸೇರಿ ಎಂಟು ಹತ್ತು ಜನ ಇದ್ದರೆ ವರ್ಷಕ್ಕೇ ಬೇಕಾಗಬಹುದು. ದೊಡ್ಡ ಟಾಕಿ, ಮನೆಯಲ್ಲಿ ಇಬ್ಬರೇ ವಯಸ್ಸಾದವರು ಅಂದರೆ ಅವಸರವಿಲ್ಲ. ಯಾವುದೂ ಗೊತ್ತಿಲ್ಲದಿದ್ದರೆ, ಹಿಂದಿನ ಸಲ ಯಾವಾಗ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ, ಈ ಬೇಸಿಗೆಯಲ್ಲೇ ಮಾಡಿಸಿಬಿಡಿ.

ನಾನು ಹಿಡಿದದ್ದು ಮೂರನೆಯದು, ಅಳತೆ ನೋಡುವುದು. ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳಲ್ಲಿ, ಬೆಳಿಗ್ಗೆ. ನನಗೆ ಕೈಗವಸು, ಒಂದು ಉದ್ದನೆಯ ಬಿದಿರು ಸಾಕು. ಅದರ ಕೆಳಗಿನ ಒಂದು ಮೀಟರಿಗೆ ಮಾವನವರ ಹಳೇ ಬಿಳಿ ಪಂಚೆಯ ತುಂಡನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟುತ್ತೇನೆ. ಇಬ್ಬರು ಸೇರಿ ಕೊಕ್ಕೆಯಿಂದ ಮುಚ್ಚಳ ಸರಿಸುತ್ತೇವೆ. ಕಾಲು ಗಂಟೆ ದೂರ ನಿಲ್ಲುತ್ತೇವೆ, ಗಾಳಿ ಹೋಗಲಿ ಅಂತ. ಹತ್ತಿರ ಬೀಡಿ, ಬೆಂಕಿಕಡ್ಡಿ, ದೀಪ ಯಾವುದೂ ಇಲ್ಲ, ಮಕ್ಕಳು ಮನೆಯೊಳಗೆ. ಬಗ್ಗಿ ಇಣುಕುವುದಿಲ್ಲ, ನಿಂತೇ ಬಿದಿರನ್ನು ನೀರು ಆಚೆ ಹೋಗುವ ಕಡೆ ತಳ ಮುಟ್ಟುವವರೆಗೆ ಇಳಿಸಬೇಕು. ಎರಡು ಮೂರು ನಿಮಿಷ ಅಲ್ಲಾಡಿಸದೆ ಹಿಡಿದು, ಮೆಲ್ಲಗೆ ಎತ್ತಿದರೆ ಬಟ್ಟೆಯ ಮೇಲೆ ಗೆರೆ ಕಾಣುತ್ತದೆ. ಮೇಲೆ ಬೂದು ಬಣ್ಣದ ನೀರಿನ ಕಲೆ, ಕೆಳಗೆ ಕಪ್ಪು ರಾಡಿ ಅಂಟಿಕೊಂಡ ಭಾಗ. ಆ ಕಪ್ಪನ್ನು ಟೇಪಿನಿಂದ ಅಳೆಯಬೇಕು. ಮೇಲಿನ ಹೆಪ್ಪಿನ ದಪ್ಪವನ್ನೂ ಕೋಲಿನಿಂದ ಒತ್ತಿ ಅಂದಾಜು ಮಾಡಬೇಕು. ಎರಡೂ ಸೇರಿ ನೀರಿನ ಆಳದ ಮೂರರಲ್ಲೊಂದು ಪಾಲು ಆದರೆ ಗಾಡಿ ಕರೆಸುವ ಹೊತ್ತು. ಆಮೇಲೆ ಕೋಲನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಬಿಸಿಲಿಗೆ ಇಡುವುದು, ಕೈಗವಸು ಬಿಸಾಡುವುದು, ಸ್ನಾನ.

ನಮ್ಮ ಟಾಕಿ 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, ನೀರಿನ ಆಳ 1.4 ಮೀಟರ್. ಗುಣಿಸಿದರೆ ಸುಮಾರು 2500 ಲೀಟರ್. ಮನೆಯಲ್ಲಿ ಐದು ಜನ. 2022ರ ಏಪ್ರಿಲ್‌ನಲ್ಲಿ ಖಾಲಿ ಮಾಡಿಸಿದ್ದೆವು. ಮುಂದಿನ ವರ್ಷ ಅಳೆದರೆ ರಾಡಿ, ಹೆಪ್ಪು ಸೇರಿ 14 ಸೆಂಟಿಮೀಟರ್. ಅದರ ಮುಂದಿನ ವರ್ಷ 30. 2025ರಲ್ಲಿ 46. ಮೂರರಲ್ಲೊಂದು ಅಂದರೆ ನಮ್ಮ ಟಾಕಿಗೆ 47ರ ಹತ್ತಿರ. ಗಾಡಿ ಕರೆಸಿದೆವು. ಎಲ್ಲರೂ ಹೇಳುವ ಮೂರು ವರ್ಷದ ಲೆಕ್ಕ ನಮ್ಮ ಮನೆಗೆ ಸರಿಯಾಗಿ ಹೊಂದಿತು. ನಿಮ್ಮ ಮನೆಗೆ ಹೊಂದಬೇಕೆಂದಿಲ್ಲ, ಅದಕ್ಕೇ ಕೋಲು.

ಅಳೆಯಲು ಮನಸ್ಸಾಗದಿದ್ದರೆ, ಮನೆಯಲ್ಲಿ ವಯಸ್ಸಾದವರೇ ಇದ್ದರೆ, ಸುಮ್ನೆ ಮೂರು ವರ್ಷಕ್ಕೊಮ್ಮೆ ಅಂತ ಇಟ್ಟುಕೊಳ್ಳಿ. ತಿಂಗಳು ಮಾತ್ರ ಮಾರ್ಚ್ ಅಥವಾ ಏಪ್ರಿಲ್ ಇರಲಿ. ಮಿರಗದ ಮಳೆಗೆ ಮುಂಚೆ ನೆಲ ಗಟ್ಟಿ ಇರುತ್ತದೆ, ಬಾವಿಯ ನೀರು ಕೆಳಗಿರುತ್ತದೆ, ಗಾಡಿಯವರಿಗೂ ಪುರುಸೊತ್ತು ಇರುತ್ತದೆ.

ಯಾರು: ಖಾಸಗಿ ಗಾಡಿ, ಊರಿನ ಗಾಡಿ

ಖಾಸಗಿ ಟ್ಯಾಂಕರಿನವರು ಬೇಗ ಬರುತ್ತಾರೆ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಫೋನ್ ಮಾಡಿದರೆ ಸಂಜೆಗೆ ಬಂದಾರು. ಪುರಸಭೆಯ ಇಲ್ಲವೇ ಪಂಚಾಯತ್ ಮೂಲಕ ಬರುವ ಗಾಡಿಗೆ ಅರ್ಜಿ, ಕಾಯುವುದು ಇರುತ್ತದೆ. ಆದರೆ ರಸೀದಿ ಸಿಗುತ್ತದೆ, ತೆಗೆದುಕೊಂಡು ಹೋದದ್ದು ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕೂ ನಿಮಗೆ ಇರುತ್ತದೆ. ನಿಮ್ಮ ಊರಿನಲ್ಲಿ ಅಂಥ ಗಾಡಿ ಇದ್ದು, ನೀವು ಬೇಸಿಗೆಯಲ್ಲಿ ಮುಂಚಿತವಾಗಿ ಕರೆಸುವವರಾದರೆ, ನನ್ನ ಮತ ಅದಕ್ಕೇ. ಅವಸರ ಇಲ್ಲದವನಿಗೆ ಕಾಯುವುದು ತೊಂದರೆಯಲ್ಲ. ಎಲ್ಲ ಪಂಚಾಯತ್‌ಗಳ ಹತ್ತಿರ ಗಾಡಿ ಇರುವುದಿಲ್ಲ, ಆಗ ಖಾಸಗಿಯವರೇ ಗತಿ. ಅವರಲ್ಲೂ ಒಳ್ಳೆಯವರಿದ್ದಾರೆ. ಆರಿಸುವುದು ಹೇಗೆ ಅನ್ನುವುದೇ ಪ್ರಶ್ನೆ.

ದರವನ್ನು ಎಲ್ಲರೂ ಮೊದಲು ಕೇಳುತ್ತಾರೆ. ನಾನು ಅದನ್ನು ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು, ಗಾಡಿ ಎಷ್ಟು ಲೀಟರಿನದು. ದುಡ್ಡು ಟ್ರಿಪ್ಪಿನ ಲೆಕ್ಕ. 2500 ಲೀಟರಿನ ಟಾಕಿಗೆ 4000 ಲೀಟರಿನ ಗಾಡಿ ಒಂದೇ ಸಲಕ್ಕೆ ಸಾಕು. ನಿಮ್ಮ ಟಾಕಿ 6000 ಲೀಟರ್ ಇದ್ದು, ಗಾಡಿ 4000ದ್ದಾದರೆ ಎರಡು ಟ್ರಿಪ್ಪು, ಎರಡು ದರ. ಟಾಕಿಯ ಅಳತೆ ಗೊತ್ತಿಲ್ಲದೆ ದರ ಮಾತಾಡಿದರೆ ಅಂಗಳದಲ್ಲಿ ಜಗಳ ಆಗುತ್ತದೆ.

ಆಮೇಲೆ ಪೈಪಿನ ಉದ್ದ. ಇಲ್ಲಿಯ ಹಳೇ ವಾಡೆಗಳ, ಅಂದರೆ ಕೇರಿಗಳ, ಓಣಿಗಳಲ್ಲಿ ಗಾಡಿ ಮನೆಯವರೆಗೆ ಬರುವುದಿಲ್ಲ. ರಸ್ತೆಯಿಂದ ಟಾಕಿಯವರೆಗೆ ಅಳೆದು ಇಟ್ಟುಕೊಂಡು, ಅಷ್ಟು ಪೈಪು ಇದೆಯಾ, ಜಾಸ್ತಿ ಪೈಪಿಗೆ ಜಾಸ್ತಿ ದುಡ್ಡಾ ಅಂತ ಫೋನಿನಲ್ಲೇ ಕೇಳಿ. ಟಾಕಿ ರಸ್ತೆಗಿಂತ ಬಹಳ ಕೆಳಗಿದ್ದರೆ ಅದನ್ನೂ ಹೇಳಿ. ಎಳೆಯುವ ಪಂಪಿಗೂ ಒಂದು ಮಿತಿ ಇದೆ, ಆರೇಳು ಮೀಟರಿಗಿಂತ ಮೇಲಕ್ಕೆ ಎಳೆಯುವುದು ಕಷ್ಟ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಇದನ್ನು ಎಲ್ಲಿ ಸುರಿಯುತ್ತೀರಿ? ಪಣಜಿಯ ಟೋಂಕಾದಲ್ಲಿ, ಮಡಗಾಂವ್‌ನ ಶಿರ್ವೊಡೆಂನಲ್ಲಿ ಕೊಳಚೆ ಸಂಸ್ಕರಣಾ ಘಟಕಗಳಿವೆ. ಯಾವ ಘಟಕಕ್ಕೆ ಒಯ್ಯುತ್ತೀರಿ, ಅಲ್ಲಿಯ ಚೀಟಿ ತೋರಿಸುತ್ತೀರಾ ಅಂತ ಕೇಳಿ. ನೇರ ಉತ್ತರ ಕೊಡದೆ, ಅದೆಲ್ಲ ನಿಮಗ್ಯಾಕೆ ಅಂದವರನ್ನು ನಾನು ಕರೆಸುವುದಿಲ್ಲ. ರಾತ್ರಿ ಹೊತ್ತು ಗದ್ದೆಗೋ ತೋಡಿಗೋ ಬಿಟ್ಟುಹೋದರೆ ನಮ್ಮ ಮನೆಯ ಕೊಳೆ ಇನ್ನೊಂದು ಊರಿನ ಅಜ್ಜಿಯ ಬಾವಿಗೆ ಹೋದಂತೆ. ಅತಿ ಕಡಿಮೆ ದರ ಹೇಳುವವರು ಬಹಳ ಸಲ ಉಳಿಸುವುದು ಘಟಕದವರೆಗಿನ ಡೀಸೆಲನ್ನೇ.

2025ರಲ್ಲಿ ಬಂದ ಗಾಡಿಯಲ್ಲಿ ಕೊಪ್ಪಳದ ಹುಡುಗ ಇದ್ದ. ನಮ್ಮ ಮನೆಯಲ್ಲಿ ಕನ್ನಡ ಕೇಳಿ ಮುಖ ಅರಳಿತು. "ಅಕ್ಕಾರ, ಮುಚ್ಚಳ ಎರಡೂ ತಗೀಬೇಕ್ರಿ, ಒಂದ ತಗದ್ರ ಆ ಕಡೀದು ಹಂಗ ಉಳಿತೈತಿ" ಅಂದ. ಮೊದಲು ಪೈಪನ್ನು ಹೆಪ್ಪಿನ ಕೆಳಗೆ ಇಳಿಸಿ ನೀರು ಎಳೆಸಿದ. ನೀರು ಕಡಿಮೆಯಾದಂತೆ ಹೆಪ್ಪು ಹಳೇ ಚಪ್ಪರದಂತೆ ಕುಸಿದು ಬಿತ್ತು. ಆಮೇಲೆ ಒಂದಿಷ್ಟು ನೀರನ್ನು ಜೋರಾಗಿ ಹಿಂದಕ್ಕೆ ಬಿಟ್ಟು ತಳದ ರಾಡಿಯನ್ನು ಕದಡಿ, ಮತ್ತೆ ಎಳೆದ. ಬರೀ ನೀರು ಎಳೆದು, ರಾಡಿಯನ್ನು ತಳದಲ್ಲೇ ಬಿಟ್ಟು, ಆಯ್ತು ಅನ್ನುವವರೂ ಇದ್ದಾರೆ. 2019ರಲ್ಲಿ ನಮಗೆ ಮಾಡಿದ್ದು ಅದನ್ನೇ ಅಂತ ಈಗ ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ನಿಮ್ಮ ಕೋಲನ್ನು ಇಳಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಆ ಹುಡುಗನಿಗೆ ಕೈಗವಸು, ಬೂಟು ಇತ್ತು. ಸೋಪು, ಬಿಸಿನೀರು, ಚಹಾ ಕೊಟ್ಟೆ. ಚಹಾವನ್ನು ಗೇಟಿನ ಆಚೆ ನಿಂತು ಕುಡಿಯಲು ಹೋದ. ಒಳಗೆ ಕಟ್ಟೆಯ ಮೇಲೆ ಕೂತು ಕುಡಿ ತಮ್ಮಾ ಅಂದೆ.

ಪೂರ್ತಿ ತೊಳೆದು ಥಳಥಳ ಮಾಡಿಸುವುದು ಬೇಡ. ತಳದಲ್ಲಿ ಒಂದು ಅಂಗುಲದಷ್ಟು ರಾಡಿ ಉಳಿದಿರಲಿ, ಹೆಪ್ಪು ಹಾಕುವ ಮೊಸರಿನಂತೆ ಅದರಿಂದಲೇ ಮತ್ತೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಖಾಲಿಯಾದ ಮೇಲೆ ಟಾಕಿಗೆ ನೀರು ತುಂಬಿಸಿ. ಪ್ಲಾಸ್ಟಿಕ್ ಟ್ಯಾಂಕ್ ಆದರಂತೂ ಮರೆಯಲೇಬೇಡಿ. ನೆಲದಲ್ಲಿ ನೀರು ಮೇಲೆ ಬಂದಾಗ ಖಾಲಿ ಟ್ಯಾಂಕ್ ದೋಣಿಯಂತೆ ತೇಲಿ, ಪೈಪುಗಳನ್ನು ಮುರಿದುಕೊಂಡು ಎದ್ದುಬರುತ್ತದೆ.

ಊರಿನವರೇ ಸೇರಿ ಮಾಡುವ ದಾರಿಯೂ ಒಂದಿದೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ವಾಯಿಯಲ್ಲಿ 2018ರಿಂದ ಪ್ರತಿ ಮನೆಯ ಟಾಕಿಯನ್ನು ಮೂರು ವರ್ಷಕ್ಕೊಮ್ಮೆ ಸರದಿಯ ಮೇಲೆ ಖಾಲಿ ಮಾಡುವ ಪದ್ಧತಿ ತಂದಿದ್ದಾರೆ. ಮನೆಯವರು ಕರೆಯಬೇಕಾಗಿಲ್ಲ. ದುಡ್ಡು ತೆರಿಗೆಯ ಜೊತೆ ಹೋಗುತ್ತದೆ. ತೆಗೆದದ್ದು ಅಲ್ಲೇ ಸಂಸ್ಕರಣಾ ಘಟಕಕ್ಕೆ ಸೇರುತ್ತದೆ. ವಾಯಿ ಇರುವುದು ಕೃಷ್ಣೆಯ ದಂಡೆಯಲ್ಲಿ. ಇದನ್ನು ನಮ್ಮ ಪಕ್ಕದ ಮನೆಯ ಬಾಗಲಕೋಟೆಯ ಕಾಕಾರಿಗೆ ಹೇಳಿದಾಗ, "ಆ ನೀರು ನಮ್ಮ ಆಲಮಟ್ಟಿಗೇ ಬರತೈತಲ್ಲವಾ, ಅವ್ರು ಮಾಡಿದ್ದು ನಮಗೂ ಪುಣ್ಯ" ಅಂದರು. ನಮ್ಮ ಕರ್ನಾಟಕದಲ್ಲೂ ದೇವನಹಳ್ಳಿಯಲ್ಲಿ ಟಾಕಿಯ ರಾಡಿಗೆಂದೇ 2015ರಲ್ಲಿ ಘಟಕ ಶುರುವಾಯಿತು. ಗ್ರಾಮಸಭೆಯಲ್ಲಿ ಎದ್ದು ಕೇಳಲು ಈ ಎರಡು ಉದಾಹರಣೆ ಸಾಕು. ಇಡೀ ಊರಿಗೆ ಆಗದಿದ್ದರೆ ಒಂದು ಓಣಿಯ ನಾಲ್ಕೈದು ಮನೆ ಒಂದೇ ದಿನ ಗಾಡಿ ಕರೆಸಿ. ನಾವು ಹಾಗೆ ಮಾಡಿದಾಗ ದರವೂ ಇಳಿಯಿತು.

ಮನುಷ್ಯನನ್ನು ಇಳಿಸುವುದು

ಇದನ್ನು ನಾನು ಹೋಲಿಕೆಯಲ್ಲಿ ಸೇರಿಸುವುದಿಲ್ಲ. ಇದು ಆಯ್ಕೆಯೇ ಅಲ್ಲ. ಆದರೂ ಬರೆಯಬೇಕು. ಮಳೆಯಲ್ಲಿ ಉಕ್ಕಿದ ದಿನ, ಗಾಡಿ ಬರದ ದಿನ, ಯಾರಾದರೂ ಬಂದು ಇದನ್ನೇ ಹೇಳುತ್ತಾರೆ. ಇಳಿಯುವ ಹುಡುಗರು ಬಹಳ ಸಲ ನಮ್ಮ ಊರುಗಳ ಕಡೆಯವರೇ ಆಗಿರುತ್ತಾರೆ.

ಟಾಕಿಯೊಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರುತ್ತದೆ, ಉಸಿರಾಡುವ ಗಾಳಿ ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು. ಅದು ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂದುಕೊಂಡವರು ಸತ್ತಿದ್ದಾರೆ. ಅವರನ್ನು ಎತ್ತಲು ಹೋದವರೂ ಸತ್ತಿದ್ದಾರೆ. ಯಾರಾದರೂ ಬಿದ್ದರೆ ನೀವು ಇಳಿಯಬೇಡಿ. 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾನೂನು ಸುರಕ್ಷತೆಯ ಸಲಕರಣೆ ಇಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಲು ಹಚ್ಚಬಾರದು ಎನ್ನುತ್ತದೆ. ನೇರವಾಗಿ ಹಚ್ಚಿದರೂ ಅಷ್ಟೇ, ಬೇರೆಯವರ ಮೂಲಕ ಹಚ್ಚಿದರೂ ಅಷ್ಟೇ. ಮನೆಯ ಯಜಮಾನರೂ ಇದರೊಳಗೆ ಬರುತ್ತಾರೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚರಂಡಿ ಕೆಲಸದಲ್ಲಿ ಸತ್ತವರ ಮನೆಗೆ ಕೊಡಬೇಕಾದ ಪರಿಹಾರವನ್ನು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಈ ಕೆಲಸದಿಂದ ಮನುಷ್ಯರನ್ನು ಬಿಡಿಸಲು ಜೀವನವಿಡೀ ಹೋರಾಡಿದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಒಳಗೆ ಮೊಬೈಲ್ ಬಿತ್ತು, ಚೆಂಡು ಬಿತ್ತು ಅಂತಲೂ ಇಳಿಯಬೇಡಿ. ಬಿದ್ದದ್ದು ಬಿದ್ದೇ ಇರಲಿ.

ಪುಡಿ, ಆ್ಯಸಿಡ್, ಸಗಣಿ

ಅಂಗಡಿಯಲ್ಲಿ ಬ್ಯಾಕ್ಟೀರಿಯಾ ಪುಡಿ ಸಿಗುತ್ತದೆ. ತಿಂಗಳಿಗೊಮ್ಮೆ ಕಮೋಡಿಗೆ ಹಾಕಿದರೆ ಗಾಡಿ ಕರೆಸುವುದೇ ಬೇಡ ಅನ್ನುತ್ತಾರೆ. ನಂಬಬೇಡಿ. ಬೇಕಾದ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆಯಿಂದಲೇ ದಿನಾ ಹೋಗುತ್ತವೆ. ಮರಳು, ಕೂದಲು, ಪ್ಲಾಸ್ಟಿಕ್ಕನ್ನು ಯಾವ ಪುಡಿಯೂ ಕರಗಿಸುವುದಿಲ್ಲ. ಪುಡಿ ಹಾಕಿದರೆ ಕೆಡುವುದೇನಿಲ್ಲ, ಆದರೆ ಅದನ್ನು ನೆಚ್ಚಿಕೊಂಡು ಗಾಡಿಯನ್ನು ಮುಂದೂಡಿದರೆ ಕೆಡುತ್ತದೆ. ಹೊಸ ಟಾಕಿಗೆ ಒಂದು ಬುಟ್ಟಿ ಹಳೇ ಸಗಣಿ ಹಾಕುವ ನಮ್ಮ ಹಿರಿಯರ ರೂಢಿ ಸರಿಯೇ, ಮಾನಕವೂ ಒಪ್ಪುತ್ತದೆ. ಆಮೇಲೆ ಮತ್ತೆ ಮತ್ತೆ ಬೇಕಾಗಿಲ್ಲ.

ಆ್ಯಸಿಡ್ ಬಗ್ಗೆ ಮಾತ್ರ ಎಚ್ಚರ. ಹಬ್ಬ ಬಂತೆಂದರೆ ಬಾಟಲಿಗಟ್ಟಲೆ ಆ್ಯಸಿಡ್, ಫಿನಾಯಿಲ್ ಸುರಿಯುವ ಮನೆಗಳಿವೆ. ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ, ರಾಡಿ ಬೇಗ ಏರುತ್ತದೆ. ಬ್ರಶ್ಶಿನಿಂದ ಉಜ್ಜಿದರೆ ಸಾಕು. ಪ್ಯಾಡು, ಡೈಪರು, ಒದ್ದೆ ಟಿಶ್ಯೂ ಕಮೋಡಿಗೆ ಹೋಗಬಾರದು. ಮೀನು ಕರಿದ ಎಣ್ಣೆಯನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ.

ತೆರೆದಾಗ ನೋಡಬೇಕಾದದ್ದು

ಮುಚ್ಚಳ ತೆಗೆದ ದಿನವೇ, ಬಗ್ಗದೆ ನಿಂತೇ, ಮೇಲಿನಿಂದ ಟಾರ್ಚಿನ ಬೆಳಕು ಬಿಟ್ಟು ನೋಡಿ. ಒಳಗೆ ಬರುವ, ಆಚೆ ಹೋಗುವ ಪೈಪುಗಳಿಗೆ ಟಿ ಆಕಾರದ ತುಂಡು ಇರಬೇಕು. ಆಚೆಯದು ಮುರಿದಿದ್ದರೆ ಮೇಲಿನ ಹೆಪ್ಪು ನೇರವಾಗಿ ಇಂಗು ಗುಂಡಿಗೆ ಹೋಗುತ್ತದೆ. ಗಾಳಿ ಕೊಳವೆಯ ಬಾಯಿಗೆ ಸೊಳ್ಳೆ ಜಾಳಿ ಇದೆಯಾ ನೋಡಿ.

ನಮ್ಮ ಮನೆಯ ನಿಜವಾದ ತಪ್ಪು ಸಿಕ್ಕಿದ್ದು ಹೀಗೆ ನೋಡಿದಾಗಲೇ. 2019ರ ದೀಪಾವಳಿ ಮುಗಿದು ನೆಲ ಒಣಗಿದ ಮೇಲೆ ಮೇಸ್ತ್ರಿಯನ್ನು ಕರೆದು ಇಂಗು ಗುಂಡಿಯ ಮೇಲಿನ ಮಣ್ಣು ತೆಗೆಸಿದೆವು. ತಾರಸಿಯ ಮಳೆನೀರಿನ ಪೈಪನ್ನು ಯಾವಾಗಲೋ ಯಾರೋ ಅದಕ್ಕೇ ಜೋಡಿಸಿದ್ದರು! ಮಳೆ ಬಂದಾಗಲೆಲ್ಲ ತಾರಸಿಯ ಅಷ್ಟೂ ನೀರು ಇಂಗು ಗುಂಡಿಗೆ. ಅದು ಟಾಕಿಯ ನೀರನ್ನು ಎಲ್ಲಿ ಕುಡಿದೀತು? ಪೈಪು ಬೇರೆ ಮಾಡಿ ಚರಂಡಿಗೆ ಬಿಟ್ಟೆವು. ಆಮೇಲೆ ಯಾವ ಮಳೆಗಾಲದಲ್ಲೂ ಬಚ್ಚಲು ಗುಳುಗುಳು ಅಂದಿಲ್ಲ. ಹೊಸ ಟ್ಯಾಂಕಿಗೆ ದುಡ್ಡು ಹಾಕುವ ಮೊದಲು ಇದೊಂದನ್ನು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹೊಸದೇ ಬೇಕಾದರೆ

ಮನೆಯ ಮುಂದೆ ಒಳಚರಂಡಿಯ ಪೈಪು ಹಾದುಹೋಗಿದ್ದರೆ ಬೇರೆ ಯೋಚನೆ ಬೇಡ, ಸಂಪರ್ಕ ತೆಗೆದುಕೊಳ್ಳಿ. ಪಣಜಿ, ಮಡಗಾಂವ್, ವಾಸ್ಕೋ ಪೇಟೆಗಳಲ್ಲಿ ಇದೆ. ಸಂಪರ್ಕದ ಖರ್ಚು ಒಮ್ಮೆ. ಹಳೇ ಟಾಕಿಯನ್ನು ಖಾಲಿ ಮಾಡಿಸಿ, ಮಣ್ಣು ತುಂಬಿಸಿ ಮುಚ್ಚಿ. ಹಾಗೇ ಬಿಟ್ಟರೆ ಮುಂದೊಂದು ದಿನ ಚಪ್ಪಡಿ ಕುಸಿಯುತ್ತದೆ.

ಇಲ್ಲದಿದ್ದರೆ ಕಟ್ಟಿಸುವ ಟಾಕಿ, ಸಿದ್ಧ ಪ್ಲಾಸ್ಟಿಕ್ ಟ್ಯಾಂಕ್, ಬಯೋ ಡೈಜೆಸ್ಟರ್ ಈ ಮೂರು. ಚಿರೆಕಲ್ಲಿನಲ್ಲಿ ಕಟ್ಟಿ ಒಳಗೆ ಗಿಲಾವು ಮಾಡದೆ ಬಿಟ್ಟರೆ ಕಲ್ಲಿನ ತೂತಿನಿಂದಲೇ ನೀರು ಒಸರುತ್ತದೆ, ಆದ್ದರಿಂದ ಒಳಗೂ ಹೊರಗೂ ನೀರು ಹಿಡಿಯದ ಗಿಲಾವು ಆಗಲೇಬೇಕು. ಕೂಲಿ ಜಾಸ್ತಿ, ಆದರೆ ಗಾತ್ರ ನಿಮಗೆ ಬೇಕಾದಷ್ಟು. ಪ್ಲಾಸ್ಟಿಕ್ ಟ್ಯಾಂಕ್ ಒಂದು ದಿನದಲ್ಲಿ ಕೂರುತ್ತದೆ, ಸೋರುವುದಿಲ್ಲ. ನೀರು ಮೇಲೆ ಬರುವ ಜಾಗದಲ್ಲಿ ಕೆಳಗೆ ಕಾಂಕ್ರೀಟ್ ಹಾಕಿ ಬಿಗಿಯದಿದ್ದರೆ ತೇಲುತ್ತದೆ. ಬಯೋ ಡೈಜೆಸ್ಟರ್ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ತಯಾರಿಸಿದ ವಿಧಾನ, ರೈಲಿನ ಪಾಯಖಾನೆಗಳಲ್ಲೂ ಅದೇ. ರಾಡಿ ಕಡಿಮೆ ಉಳಿಯುತ್ತದೆ, ಜಾಗ ಕಡಿಮೆ ಸಾಕು. ಆದರೆ ಆ್ಯಸಿಡ್, ಪ್ಲಾಸ್ಟಿಕ್ ಅದಕ್ಕೆ ಇನ್ನೂ ಜಾಸ್ತಿ ಆಗಿಬರುವುದಿಲ್ಲ, ಮತ್ತು ಅದರಿಂದ ಬರುವ ನೀರಿಗೂ ಇಂಗು ಗುಂಡಿ ಬೇಕೇ ಬೇಕು. ಗಾಡಿ ಬರಲಾರದ ಓಣಿಯಲ್ಲಿ ಮನೆ ಇದ್ದರೆ ನಾನು ಇದನ್ನೇ ಹೇಳುತ್ತೇನೆ. ಗಾಡಿ ಬರುವ ಕಡೆ, ಈಗಿರುವ ಟಾಕಿ ಗಟ್ಟಿ ಇದ್ದರೆ, ಅದನ್ನೇ ಇಟ್ಟುಕೊಂಡು ಖಾಲಿ ಮಾಡಿಸುತ್ತಾ ಇರುವುದು ಮೇಲು.

ಪಕ್ಕದ ಬಾಗಲಕೋಟೆಯ ಕಾಕಾ ಮೂರು ವರ್ಷಕ್ಕೊಮ್ಮೆ ಎನ್ನುವ ದಾರಿ ಹಿಡಿದಿದ್ದಾರೆ. ಅಳೆಯಲು ಅವರಿಗೆ ಮೊಣಕಾಲು ಬಗ್ಗುವುದಿಲ್ಲ. ನಾವು ಕೋಲು ಇಳಿಸುತ್ತೇವೆ. ಟಾಕಿಯ ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಬಿಳಿ ಎಣ್ಣೆಬಣ್ಣದಲ್ಲಿ ಮಗಳು ಬರೆದಿದ್ದಾಳೆ: ಏಪ್ರಿಲ್ 2025, 46, ಖಾಲಿ. ಅದರ ಕೆಳಗೆ ಮುಂದಿನ ಸಾಲುಗಳಿಗೆ ಜಾಗ ಬಿಟ್ಟಿದ್ದಾಳೆ. ಅಜ್ಜಿಯ ಬಾವಿಯ ನೀರನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಅದೇ ಬಗೆಯ ಬಾಟಲಿಯಲ್ಲಿ ಇಟ್ಟು ನೋಡುತ್ತೇವೆ. ಕಳೆದ ಮೂರು ಸಲವೂ ಎರಡು ದಿನವಾದರೂ ಬಣ್ಣ ತಿರುಗಲಿಲ್ಲ.